ಗ್ಲಾಸು ನಿಮ್ಮ ಕಡೆ ಸರಿಸಬೇಡ ಎನ್ನಿ

ಹೆಸರು, ಊರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಓದುಗರಿಗಾಗಿ ಪತ್ರದ ಸಾರವಷ್ಟೇ: ನಿಮಗೆ 27, ಬೆಂಗಳೂರಿನಲ್ಲಿ ಕೆಲಸ. ಪ್ರೀತಿಸಿದ ಹುಡುಗ ಶುಕ್ರವಾರ ಸಂಜೆ ಆಫೀಸಿನ ಗೆಳೆಯರ ಜೊತೆ ಇಂದಿರಾನಗರದ ಬ್ರೂವರಿಗೆ ಹೋಗುತ್ತಾನೆ, ನಿಮ್ಮನ್ನೂ ಕರೆದೊಯ್ಯುತ್ತಾನೆ. ಲೈಮ್ ಸೋಡಾ ಹಿಡಿದು ಕೂತ ನಿಮ್ಮನ್ನು ಅವರು ‘ಗೌರಮ್ಮ’ ಎಂದು ರೇಗಿಸುತ್ತಾರೆ. ಅವನೂ ನಕ್ಕು, ‘ನನಗೋಸ್ಕರ ಒಂದೇ ಗುಟುಕು’ ಎಂದು ಗ್ಲಾಸು ನಿಮ್ಮತ್ತ ಸರಿಸುತ್ತಾನೆ. ಕುಡಿದುಬಿಡಲೇ, ಅವನಿಗೆ ಕುಡಿತ ಬಿಡಿಸಲೇ, ಇಲ್ಲ ಅವನನ್ನೇ ಬಿಡಲೇ ಎಂದು ಕೇಳಿದ್ದೀರಿ.

ಕುಡಿಯಬೇಡಿ. ನಿಮಗಾಗಿಯೇ ಆಸೆಯಾದರೆ ಅದು ನಿಮ್ಮಿಷ್ಟ. ಗೆಳೆಯರೆದುರು ಅವನ ಮರ್ಯಾದೆ ಉಳಿಸಲಿಕ್ಕಂತೂ ಬೇಡವೇ ಬೇಡ.

ಯಾಕೆ ಕುಡಿಯುವುದಿಲ್ಲ ಎಂಬುದಕ್ಕೆ ನೀವು ಎರಡು ಪುಟ ಬರೆದಿದ್ದೀರಿ. ಸಂಬಳದ ದಿನ ಅಪ್ಪ ಮನೆಗೆ ಬರುತ್ತಿದ್ದ ರೀತಿ, ಊಟ ಮಾಡದೆ ಕಾಯುತ್ತಿದ್ದ ಅಮ್ಮ. ಓದಿ ಸಂಕಟವಾಯಿತು. ಆದರೆ ಇದನ್ನೆಲ್ಲ ಆ ಟೇಬಲ್ಲಿನಲ್ಲಿ ಬಿಚ್ಚಿಡುವ ಅಗತ್ಯವಿಲ್ಲ. ‘ನಾನು ಕುಡಿಯಲ್ಲ’ ಎಂದರೆ ಸಾಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕುಡಿಯುತ್ತೇವೆ ಎಂದವರು 15 ವರ್ಷ ಮೇಲ್ಪಟ್ಟ ಗಂಡಸರಲ್ಲಿ ಶೇ. 19, ಹೆಂಗಸರಲ್ಲಿ ಶೇ. 1. ಆ ಟೇಬಲ್ಲಿನಲ್ಲಿ ಒಬ್ಬರೇ ಆಗಿರಬಹುದು, ಹೊರಗೆ ನಿಮ್ಮಂಥವರೇ ಹೆಚ್ಚು. ‘ಸ್ವಲ್ಪ ಕುಡಿದರೆ ಏನೂ ಆಗಲ್ಲ’ ಎನ್ನುವವರಿಗೆ, ಇಷ್ಟು ಕುಡಿದರೆ ಅಪಾಯವಿಲ್ಲ ಎಂಬ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದ್ದನ್ನು ನೆನಪಿಸಿ.

ಹಾಗೆಂದು ಅಪ್ಪನ ಲೆಕ್ಕವನ್ನು ಈ ಹುಡುಗನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ‘ಎರಡೇ’ ಎಂದವನು ಎರಡಕ್ಕೇ ಏಳುತ್ತಾನೆಯೇ, ಶುಕ್ರವಾರ ತಪ್ಪಿದರೆ ಸಿಡುಕುತ್ತಾನೆಯೇ, ಎಷ್ಟು ಕುಡಿದೆ ಎಂಬುದನ್ನು ಮುಚ್ಚಿಡುತ್ತಾನೆಯೇ, ನೋಡಿ. ಸಂಶಯ ಬಂದರೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಕುಡಿಯುವವರ ಮನೆಯವರೂ ಅಲ್ಲಿ ಮಾತಾಡಬಹುದು.

ಅವನಿಗೆ ಹೇಳುವುದನ್ನು ಶುಕ್ರವಾರ ರಾತ್ರಿ ಹೇಳಬೇಡಿ. ಭಾನುವಾರ ಬೆಳಿಗ್ಗೆ ದರ್ಶಿನಿಯಲ್ಲಿ ಕಾಫಿ ಕುಡಿಯುತ್ತಾ ಹೇಳಿ: ನೀನು ಕುಡಿ, ತಡೆಯಲ್ಲ, ನನ್ನ ಕಡೆ ಗ್ಲಾಸು ಸರಿಸಬೇಡ. ಅವರು ರೇಗಿಸಿದಾಗ ಜೊತೆಗೂಡಿ ನಗಬೇಡ, ‘ಅವಳು ಕುಡಿಯಲ್ಲ, ಬಿಟ್ಬಿಡ್ರೋ’ ಅಂತ ನೀನೇ ಹೇಳು. ಇಷ್ಟು ಮಾಡಲಾಗದವನ ಜೊತೆ ಮದುವೆಯ ಯೋಚನೆ ಸದ್ಯಕ್ಕೆ ಬೇಡ.

ಎರಡು ಪಿಂಟ್ ಮುಗಿಸಿ ಅವನೇ ಬೈಕಿನಲ್ಲಿ ನಿಮ್ಮನ್ನು ಪಿಜಿಗೆ ಬಿಡುತ್ತಾನೆಂದು ಎಲ್ಲೋ ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನಗೆ ಅಲ್ಲಿಂದ ಮುಂದೆ ಹೋಗಲಾಗಲಿಲ್ಲ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಾಂಶವಿದ್ದು ಗಾಡಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ ಪ್ರಕಾರ ಮೊದಲ ಸಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ. ಕಾನೂನು ಹಾಗಿರಲಿ, ಹಿಂದಿನ ಸೀಟಿನಲ್ಲಿ ಕೂರುವವರು ನೀವು. ಇನ್ನು ಆ ಬೈಕು ಹತ್ತಬೇಡಿ. ಮುನಿಸಿಕೊಂಡರೆ ಮುನಿಸಿಕೊಳ್ಳಲಿ, ಆಟೊ ಹಿಡಿಯಿರಿ.

ಅವನು ಕುಡಿಯುವುದು ಅವನ ಮನೆಯಲ್ಲಿ ಗೊತ್ತಿಲ್ಲವಂತೆ, ಮದುವೆ ಮಾತುಕತೆಯಲ್ಲಿ ನೀವು ಬಾಯಿ ಬಿಡಬಾರದಂತೆ. ಈ ಗುಟ್ಟಿನ ಹೊರೆ ಹೊರಬೇಡಿ. ನಾಳೆ ಮನೆಯಲ್ಲಿ ವಾಸನೆ ಬಂದ ದಿನ ‘ಸೊಸೆ ಬಂದ ಮೇಲೆ ಮಗ ಹಾಳಾದ’ ಎಂಬ ಮಾತು ನಿಮ್ಮ ಮೇಲೇ ಬರುತ್ತದೆ. ಎಷ್ಟೋ ಮನೆಗಳಲ್ಲಿ ಬಂದಿದೆ. ಹಿರಿಯರು ಮಾತಿಗೆ ಕೂರುವ ಮೊದಲು ಅವನೇ ಅಮ್ಮನಿಗೆ ಹೇಳಲಿ. ಅಲ್ಲಿಯವರೆಗೆ ನಿಮ್ಮ ಮನೆಯವರನ್ನು ಕಳಿಸಬೇಡಿ.

– ಸಂಪಾದಕ