ಉಪ್ಪು, ಹುರುಳಿ ಇಟ್ಟು ಜಿಂಕೆ ಕರೆಸಿ ಬೇಟೆಯಾಡಿದರೆ ಏನು ಶಿಕ್ಷೆ?

ಜಿಂಕೆ ಸಾಯದಿದ್ದರೂ ಕೇಸು ಬೀಳುತ್ತದೆ, ಇದನ್ನು ಮೊದಲು ತಿಳಿದುಕೊಳ್ಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಗುಂಡು ಹೊಡೆಯುವುದಷ್ಟೇ ಅಲ್ಲ. ವಿಷ ಇಡುವುದು, ಉರುಳು ಹಾಕುವುದು, ಅಟ್ಟಿಸಿಕೊಂಡು ಹೋಗುವುದು, ತಿನ್ನಲು ಏನಾದರೂ ಇಟ್ಟು ಸೆಳೆಯುವುದು, ಇವಕ್ಕೆ ಪ್ರಯತ್ನಪಟ್ಟರೂ ಸಾಕು, ಎಲ್ಲವೂ ಬೇಟೆಯೇ.

ಬಂಡೀಪುರ, ನಾಗರಹೊಳೆಯಂಥ ರಾಷ್ಟ್ರೀಯ ಉದ್ಯಾನದಲ್ಲಿ ಅಥವಾ ಅಭಯಾರಣ್ಯದೊಳಗೆ ಸಿಕ್ಕಿಬಿದ್ದರೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು. ಜೊತೆಗೆ ದಂಡ ಕಟ್ಟಲೇಬೇಕು. 2022ರ ತಿದ್ದುಪಡಿಯ ನಂತರ ಅದು ಕನಿಷ್ಠ 25,000 ರೂಪಾಯಿ, ಎರಡನೇ ಸಲ ಅದೇ ತಪ್ಪು ಮಾಡಿದರೆ ಕನಿಷ್ಠ 1 ಲಕ್ಷ. ಒಮ್ಮೆ ಶಿಕ್ಷೆ ಆದವರಿಗೆ ಜಾಮೀನು ಸಿಗುವುದೂ ಬಹಳ ಕಷ್ಟ.

"ನನ್ನ ಸ್ವಂತ ತೋಟ ಅಲ್ವಾ" ಅನ್ನುವ ವಾದ ನಡೆಯುವುದಿಲ್ಲ. ಜಮೀನು ನಿಮ್ಮದಿರಬಹುದು, ಜಿಂಕೆ ನಿಮ್ಮದಲ್ಲ.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಬೇಟೆಗೆ ಬಳಸಿದ ಜೀಪು, ಬೈಕು, ಬಂದೂಕು, ಬಲೆ ಸರ್ಕಾರದ ಪಾಲಾಗುತ್ತವೆ. ಮನೆಯಲ್ಲಿ ಮಾಂಸ ಸಿಕ್ಕಿ ಕೇಸು ಕೋರ್ಟಿಗೆ ಹೋದರೆ, ಅದು ಅಕ್ರಮವಾಗಿ ಇಟ್ಟುಕೊಂಡದ್ದಲ್ಲ ಅಂತ ಸಾಬೀತು ಮಾಡುವ ಹೊಣೆ ನಿಮ್ಮ ಮೇಲೆಯೇ ಬೀಳುತ್ತದೆ. ಹಾಗಾಗಿ ಗೆಳೆಯರು ಕರೆದರು ಅಂತ ಸುಮ್ನೆ ಜೊತೆಗೂ ಹೋಗಬೇಡಿ.