‘ಏಮ್ಸ್ ನೆಗೆಟಿವ್’ ಎಂದಿದ್ದರೆ ದ್ರಾವಕ ಸುರಕ್ಷಿತವೇ?

ಪ್ರಶ್ನೆ: ಪೀಣ್ಯದ ಮುದ್ರಣ ಘಟಕವೊಂದರಲ್ಲಿ ಕೆಲಸ ಮಾಡುತ್ತೇನೆ. ರೋಲರ್ ಒರೆಸುವ ದ್ರಾವಕದ ಸುರಕ್ಷತಾ ಹಾಳೆಯಲ್ಲಿ ‘ಏಮ್ಸ್ ಪರೀಕ್ಷೆ: ನೆಗೆಟಿವ್’ ಎಂದಿದೆ. ವಂಶವಾಹಿಗೆ ಹಾನಿಯಿಲ್ಲ ಎಂದು ನಂಬಬಹುದೇ? ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆಯೇ?

ಉತ್ತರ: ಅಷ್ಟನ್ನೇ ನೋಡಿ ನಂಬಬೇಡಿ. ಹಾಳೆ ಸುಳ್ಳು ಹೇಳುತ್ತಿರಲಿಕ್ಕಿಲ್ಲ, ಆದರೆ ಅದು ಹೇಳುತ್ತಿರುವುದು ಒಂದೇ ಒಂದು ಪರೀಕ್ಷೆಯ ಸಂಗತಿ.

ರಾಸಾಯನಿಕವೊಂದು ಡಿಎನ್‌ಎ ಬದಲಿಸುತ್ತದೆಯೇ ಎಂದು ನೋಡುವ ಏಮ್ಸ್ ಪರೀಕ್ಷೆ (ಏಮ್ಸ್ ಎಂಬುದು ವಿಜ್ಞಾನಿಯ ಹೆಸರು, ಆಸ್ಪತ್ರೆಯದಲ್ಲ) ನಡೆಯುವುದು ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಮೇಲೆ. ಹಿಸ್ಟಿಡಿನ್ ಎಂಬ ಅಮೈನೊ ಆಮ್ಲವನ್ನು ತಾನೇ ತಯಾರಿಸಿಕೊಳ್ಳಲಾಗದ ತಳಿಯನ್ನು, ಆ ಆಮ್ಲ ತೀರಾ ಕಡಿಮೆಯಿರುವ ತಟ್ಟೆಯಲ್ಲಿ ರಾಸಾಯನಿಕದೊಂದಿಗೆ ಬಿಡುತ್ತಾರೆ. 37 ಡಿಗ್ರಿಯಲ್ಲಿ ಎರಡು-ಮೂರು ದಿನ ಇಟ್ಟರೆ, ಡಿಎನ್‌ಎ ಬದಲಾಗಿ ಆ ಶಕ್ತಿ ಮರಳಿ ಬಂದ ಬ್ಯಾಕ್ಟೀರಿಯಾ ಮಾತ್ರ ಕಣ್ಣಿಗೆ ಕಾಣುವ ಚುಕ್ಕೆಗಳಾಗಿ ಬೆಳೆಯುತ್ತವೆ. ರಾಸಾಯನಿಕದ ಪ್ರಮಾಣ ಏರಿಸಿದಂತೆ ಚುಕ್ಕೆಗಳೂ ಏರುತ್ತಾ ಹೋದರೆ ಪಾಸಿಟಿವ್. ಕೆಲವು ವಸ್ತುಗಳು ಯಕೃತ್ತಿಗೆ ಹೋದ ಮೇಲಷ್ಟೇ ವಿಷವಾಗುವುದರಿಂದ, ಇಲಿಯ ಯಕೃತ್ತಿನ ಕಿಣ್ವ ಬೆರೆಸಿಯೂ ಇನ್ನೊಮ್ಮೆ ನೋಡುತ್ತಾರೆ. ಮೊದಲ ಜರಡಿಯಾಗಿ ಇದು ಬಹಳ ಒಳ್ಳೆಯ ಪರೀಕ್ಷೆ.

ಆದರೆ ಬೆಂಜೀನ್ ರಕ್ತದ ಕ್ಯಾನ್ಸರ್ ತರುತ್ತದೆ ಎಂಬುದರಲ್ಲಿ ಅನುಮಾನವೇ ಇಲ್ಲ, ಆದರೂ ವಾಡಿಕೆಯ ಏಮ್ಸ್ ತಟ್ಟೆಯಲ್ಲಿ ಅದು ನೆಗೆಟಿವ್! ಅದು ಅಸ್ಥಿಮಜ್ಜೆಯ ಕೋಶಗಳಲ್ಲಿ ಕ್ರೋಮೋಸೋಮನ್ನೇ ಮುರಿಯುತ್ತದೆ. ಆ ಬಗೆಯ ಪೆಟ್ಟು ಬ್ಯಾಕ್ಟೀರಿಯಾದಲ್ಲಿ ಕಾಣಿಸದು. ಅದನ್ನು ಹಿಡಿಯುವುದು ಮೈಕ್ರೋನ್ಯೂಕ್ಲಿಯಸ್ ಪರೀಕ್ಷೆ. ಮುರಿದ ಚೂರು ಕೋಶಕೇಂದ್ರದ ಹೊರಗೆ ಪುಟ್ಟ ಗುಂಡಾಗಿ ಉಳಿದಿರುವುದನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಆದ್ದರಿಂದ ಹಾಳೆಯ 11ನೇ ವಿಭಾಗದಲ್ಲಿ ಈ ಪರೀಕ್ಷೆಯ ಫಲಿತಾಂಶವೂ ಇದೆಯೇ ನೋಡಿ. ‘ಮಾಹಿತಿ ಲಭ್ಯವಿಲ್ಲ’ ಎಂದಿದ್ದರೆ ಪರೀಕ್ಷೆಯೇ ಆಗಿಲ್ಲದಿರಬಹುದು, ಅದನ್ನು ‘ಅಪಾಯವಿಲ್ಲ’ ಎಂದು ಓದಿಕೊಳ್ಳಬೇಡಿ. 2ನೇ ವಿಭಾಗದಲ್ಲಿ ಎಚ್340, ಎಚ್341, ಎಚ್350, ಎಚ್351 ಸಂಕೇತಗಳಿದ್ದರಂತೂ ಎಚ್ಚರ. ಮೊದಲೆರಡು ವಂಶವಾಹಿ ಹಾನಿಯವು, ಉಳಿದೆರಡು ಕ್ಯಾನ್ಸರಿನವು.

ನಿಮ್ಮದೇ ಕಸುಬಿನ ಉದಾಹರಣೆ ಜಪಾನಿನ ಒಸಾಕಾದ್ದು. ಅಲ್ಲಿನ ಮುದ್ರಣಾಲಯವೊಂದರಲ್ಲಿ ಗಾಳಿಯಾಡದ ಕೋಣೆಯಲ್ಲಿ 1,2-ಡೈಕ್ಲೋರೋಪ್ರೋಪೇನ್‌ನಿಂದ ಶಾಯಿ ಒರೆಸುತ್ತಿದ್ದವರಲ್ಲಿ ಹತ್ತಕ್ಕೂ ಹೆಚ್ಚು ಮಂದಿಗೆ ಪಿತ್ತನಾಳದ ಕ್ಯಾನ್ಸರ್ ಬಂದದ್ದು 2012ರಲ್ಲಿ ಬೆಳಕಿಗೆ ಬಂತು. ಹಲವರು ಇನ್ನೂ ಚಿಕ್ಕ ವಯಸ್ಸಿನವರು. ಜಪಾನ್ ಹೊಸ ರಾಸಾಯನಿಕಗಳಿಗೆ ಏಮ್ಸ್ ಬಗೆಯ ಪರೀಕ್ಷೆಯನ್ನು 1979ರಿಂದಲೇ ಕಡ್ಡಾಯ ಮಾಡಿದ್ದ ದೇಶ. ಆದರೆ ಈ ದ್ರಾವಕ ಹಳೆಯದು, ವಿಶೇಷ ನಿಯಂತ್ರಣ ಬಂದದ್ದು ಜನ ಸತ್ತ ಮೇಲೆ. ಇದು ನನ್ನನ್ನು ಇಂದಿಗೂ ಕಾಡುತ್ತದೆ.

ರಕ್ತ ಪರೀಕ್ಷೆಯ ವಿಷಯ: ಮೈಕ್ರೋನ್ಯೂಕ್ಲಿಯಸ್, ಕಾಮೆಟ್ (ಕೋಶದ ಡಿಎನ್‌ಎ ತುಂಡಾಗಿದೆಯೇ ಎಂದು ನೋಡುವ) ಪರೀಕ್ಷೆಗಳು ಕಾರ್ಮಿಕರ ಗುಂಪನ್ನು ಇನ್ನೊಂದು ಗುಂಪಿನೊಂದಿಗೆ ಹೋಲಿಸಲು ಉಪಯುಕ್ತ. ಒಬ್ಬರ ಫಲಿತಾಂಶ ಹಿಡಿದು ಅವರಿಗೆ ಕ್ಯಾನ್ಸರ್ ಬರುತ್ತದೋ ಇಲ್ಲವೋ ಹೇಳಲಾಗದು, ವಯಸ್ಸು, ಧೂಮಪಾನವೂ ಅಂಕಿಯನ್ನು ಏರುಪೇರು ಮಾಡುತ್ತವೆ. ದ್ರಾವಕದಲ್ಲಿ ಬೆಂಜೀನ್ ಇದ್ದರೆ, ಪಾಳಿ ಮುಗಿದಾಗಿನ ಮೂತ್ರದಲ್ಲಿ ಅದರ ಉಳಿಕೆಗಳನ್ನು ಅಳೆಯುವುದು ಹೆಚ್ಚು ಪ್ರಯೋಜನಕಾರಿ. ದೇಹಕ್ಕೆ ಎಷ್ಟು ಸೇರುತ್ತಿದೆ ಎಂಬುದು ಅದರಿಂದ ತಿಳಿಯುತ್ತದೆ.

ಪರೀಕ್ಷೆಯ ಫಲಿತಾಂಶ ಬರಲಿ ಎಂದು ಕಾಯುತ್ತ ಕೂರಬೇಡಿ. ಆವಿಯನ್ನು ಮೂಲದಲ್ಲೇ ಹೊರಗೆಳೆಯುವ ಎಕ್ಸಾಸ್ಟ್ ಕೇಳಿ, ಒರೆಸಿದ ಬಟ್ಟೆಯನ್ನು ಮುಚ್ಚಳದ ಡಬ್ಬಿಗೆ ಹಾಕಿ. ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಕೈಗವಸನ್ನೂ ದ್ರಾವಕಕ್ಕೆ ತಕ್ಕಂತೆ ಆರಿಸಬೇಕು: ಡೈಕ್ಲೋರೋಮೀಥೇನ್ ಎಂಬ ದ್ರಾವಕ ತೆಳು ನೈಟ್ರೈಲ್ (ಒಂದು ಬಗೆಯ ಕೃತಕ ರಬ್ಬರ್) ಗವಸನ್ನು ಕೆಲವೇ ನಿಮಿಷಗಳಲ್ಲಿ ದಾಟಿಬಿಡುತ್ತದೆ. ಯಾವ ಗವಸು ಎಂಬುದು ಅದೇ ಹಾಳೆಯ 8ನೇ ವಿಭಾಗದಲ್ಲಿರುತ್ತದೆ.