ಐದೂ ಸದಸ್ಯರು ಒಂದೇ ಹೋಟೆಲಿನಲ್ಲಿದ್ದರೆ ಅದು ಸಭೆಯೇ?

ಕ್ಯಾಲಿಫೋರ್ನಿಯಾದ ಓದುಗರೊಬ್ಬರು ಕೇಳಿದ್ದಾರೆ: ‘ನಮ್ಮ ಸಿಟಿ ಕೌನ್ಸಿಲ್‌ನ ಐದೂ ಸದಸ್ಯರು ರಾಜ್ಯದ ನಗರಗಳ ಒಕ್ಕೂಟವಾದ ಲೀಗ್ ಆಫ್ ಕ್ಯಾಲಿಫೋರ್ನಿಯಾ ಸಿಟೀಸ್‌ನ ವಾರ್ಷಿಕ ಸಮ್ಮೇಳನಕ್ಕೆ ನಗರದ ಖರ್ಚಿನಲ್ಲಿ ಹೋಗಿಬಂದರು. ಇದು ಜನರಿಗೆ ತಿಳಿಸದೆ ನಡೆಸಿದ ಸಭೆಯಾಗುವುದಿಲ್ಲವೇ? ಲೆಕ್ಕ ಕೇಳಲು ನನಗೆ ಹಕ್ಕುಂಟೇ?’

ಊರಿನ ಪುರಸಭೆ ಸದಸ್ಯರ ‘ಅಧ್ಯಯನ ಪ್ರವಾಸ’ದ ಸುದ್ದಿ ಓದುತ್ತ ಬೆಳೆದವರಿಗೆ ಈ ಅನುಮಾನ ಬಾರದಿದ್ದರೇ ಆಶ್ಚರ್ಯ. ಆದರೂ ಐವರೂ ಹೋದದ್ದರಲ್ಲಿ ತಪ್ಪಿಲ್ಲ. ಬಹುಮತದಷ್ಟು ಸದಸ್ಯರು ಸೇರಿ ನಗರದ ವಿಷಯ ಮಾತಾಡಿದರೆ ಸ್ಥಳೀಯ ಸಂಸ್ಥೆಗಳ ಸಭೆಗಳು ಜನರೆದುರೇ ನಡೆಯಬೇಕೆನ್ನುವ ರಾಜ್ಯದ 1953ರ ಬ್ರೌನ್ ಕಾಯ್ದೆ ಅದನ್ನು ಸಭೆಯೆಂದೇ ಎಣಿಸುತ್ತದೆ. ಸಾಮಾನ್ಯ ಸಭೆಗಾದರೆ 72 ಗಂಟೆ ಮೊದಲೇ ಕಾರ್ಯಸೂಚಿ ಪ್ರಕಟಿಸಬೇಕು. ಸಾರ್ವಜನಿಕರಿಗೆ ತೆರೆದ, ಎಲ್ಲರಿಗೂ ಸಂಬಂಧಪಟ್ಟ ವಿಷಯಗಳ ಸಮ್ಮೇಳನಗಳಿಗೆ ಅದೇ ಕಾಯ್ದೆ ವಿನಾಯಿತಿ ಕೊಟ್ಟಿದೆ. ನೀವೂ ಹೋಗಿ ಕೂರಬಹುದು, ಪುಕ್ಕಟೆಯಾಗಿ ಮಾತ್ರ ಬಿಡಲಾರರು. ಉಳಿದವರಿಗಿರುವ ಶುಲ್ಕ ನಿಮಗೂ ಉಂಟು.

ಎಡವಟ್ಟಾಗುವುದು ಹೆಚ್ಚಾಗಿ ರಾತ್ರಿ ಊಟದ ಹೊತ್ತಿಗೆ. ವಸತಿ ನೀತಿಯ ಗೋಷ್ಠಿಯಲ್ಲಿ ಐವರೂ ಕೂತು ಪ್ರಶ್ನೆ ಕೇಳಲಿ, ಅದು ನಿಗದಿತ ಕಾರ್ಯಕ್ರಮ. ಸಂಜೆ ಮೂವರು ಒಟ್ಟಿಗೆ ಉಂಡು ಮಕ್ಕಳ ಕಾಲೇಜಿನ ಬಗ್ಗೆ ಹರಟಿದರೂ ಅಡ್ಡಿಯಿಲ್ಲ. ‘ಆ ಅಪಾರ್ಟ್‌ಮೆಂಟ್ ಅರ್ಜಿ ಮುಂದಿನ ವಾರ ಬರ್ತಿದೆಯಲ್ಲ, ಏನು ಮಾಡೋಣ?’ ಎಂದು ಮಾತು ಶುರುವಾಯಿತೋ, ಕಾಯ್ದೆ ಮುರಿಯಿತು. ಐವರಲ್ಲಿ ಇಬ್ಬರೇ ಮಾತಾಡಿದರೆ ಬಹುಮತವಾಗದು. ಆದರೆ ಅವರಲ್ಲೊಬ್ಬರು ಅದನ್ನೇ ಮೂರನೆಯವರ ಜೊತೆ ಚರ್ಚಿಸಿದರೆ, ಅಥವಾ ಇಮೇಲಿನಲ್ಲೋ ಸಿಬ್ಬಂದಿಯೊಬ್ಬರ ಮೂಲಕವೋ ಅಭಿಪ್ರಾಯ ದಾಟಿಸಿದರೆ, ಸರಣಿ ಸಭೆಯಾಗುತ್ತದೆ; ಅದೂ ನಿಷಿದ್ಧ. ಬೇರೆ ನಗರಗಳವರ ಜೊತೆ ಊಟಕ್ಕೆ ಕೂರುವುದೇ ಸದಸ್ಯರಿಗೆ ಕ್ಷೇಮ. ಅಷ್ಟು ದೂರ ಹೋಗುವುದೂ ಅದಕ್ಕೇ ತಾನೆ?

ಇನ್ನು ಲೆಕ್ಕ. 2005ರಲ್ಲಿ ಅಂಗೀಕಾರವಾದ ಎಬಿ 1234 ಎಂಬ ರಾಜ್ಯ ಕಾಯ್ದೆಯ ಪ್ರಕಾರ ಯಾವ ಖರ್ಚು ಭರಿಸಬಹುದು ಎಂಬ ಲಿಖಿತ ನೀತಿ ಇರಬೇಕು. ಅದರಲ್ಲಿ ಬಾರದ ಖರ್ಚಿಗೆ ಮುಂಚಿತವಾಗಿ ಸಾರ್ವಜನಿಕ ಸಭೆಯಲ್ಲೇ ಒಪ್ಪಿಗೆ ಬೇಕು. ಸಮ್ಮೇಳನದವರು ಪ್ರಕಟಿಸಿದ ಗುಂಪುದರ ಸಿಗುತ್ತಿರುವಾಗ ಕೋಣೆ ಬಾಡಿಗೆ ಅದನ್ನು ಮೀರುವಂತಿಲ್ಲ. ತಡವಾಗಿ ಬುಕ್ ಮಾಡಿ ‘ಗುಂಪುದರದ ಕೋಣೆ ಮುಗಿದಿತ್ತು’ ಎನ್ನುವ ಸಬೂಬಿಗೆ ಇಲ್ಲಿ ಜಾಗವಿದೆ. ಆದ್ದರಿಂದ ಬುಕಿಂಗ್ ತಾರೀಖನ್ನೂ ಕೇಳಿ. ಸಿಟಿ ಕ್ಲರ್ಕ್‌ಗೆ ಬರೆದು ಖರ್ಚಿನ ಫಾರಂ, ರಶೀದಿಗಳ ಪ್ರತಿ ಕೋರಿ. ಅವು ಸಾರ್ವಜನಿಕ ದಾಖಲೆಗಳು. ಕೊಡುತ್ತಾರೋ ಇಲ್ಲವೋ ಎಂಬುದನ್ನು ಸಾಮಾನ್ಯವಾಗಿ 10 ದಿನದೊಳಗೆ ತಿಳಿಸಬೇಕು. ಸಮ್ಮೇಳನದ ಹಿಂದು ಮುಂದಿನ ಹೆಚ್ಚುವರಿ ರಾತ್ರಿ, ಜೊತೆಗೆ ಬಂದ ಸಂಗಾತಿಯ ಊಟ ಬಿಲ್ಲಿನಲ್ಲಿ ಸೇರಿದೆಯೇ ನೋಡಿ. ಪ್ರದರ್ಶನಕ್ಕೆ ಬಂದ ಕಂಪನಿಗಳು ಕೊಡಿಸುವ ಊಟ ಇದರಲ್ಲಿ ಕಾಣಸಿಗದು. ಒಂದೇ ಮೂಲದಿಂದ ವರ್ಷಕ್ಕೆ 50 ಡಾಲರ್ ಮುಟ್ಟಿದ ಉಡುಗೊರೆಯನ್ನು ಸದಸ್ಯರು ತಮ್ಮ ಆರ್ಥಿಕ ಹಿತಾಸಕ್ತಿಗಳ ಘೋಷಣೆಯಾದ ಫಾರಂ 700ರಲ್ಲಿ ತೋರಿಸಬೇಕು, ಅದನ್ನೂ ತರಿಸಿಕೊಳ್ಳಿ.

ನಗರದ ಖರ್ಚಿನಲ್ಲಿ ಹೋದವರು ಮುಂದಿನ ಸಾಮಾನ್ಯ ಸಭೆಯಲ್ಲಿ ಸಂಕ್ಷಿಪ್ತ ವರದಿ ಕೊಡಬೇಕು. ನಮ್ಮ ಕಣ್ಣಿಗೆ ಕಾಯ್ದೆಯ ಸಡಿಲ ಗಂಟು ಇದೇ. ಎಷ್ಟು ಸಂಕ್ಷಿಪ್ತ ಎಂದು ಹೇಳಿಲ್ಲವಾದ್ದರಿಂದ ‘ಹೋಗಿದ್ದೆ, ಚೆನ್ನಾಗಿತ್ತು’ ಎಂದು ಮುಗಿಸುವವರಿದ್ದಾರೆ. ಸಭೆಯಲ್ಲಿ ಸಾರ್ವಜನಿಕರು ಮಾತಾಡುವ ಪಬ್ಲಿಕ್ ಕಾಮೆಂಟ್‌ನಲ್ಲಿ ಸಿಗುವ ಎರಡು ಮೂರು ನಿಮಿಷವನ್ನು ಹೋಟೆಲಿನ ದುಬಾರಿತನಕ್ಕೆ ಕಳೆಯಬೇಡಿ. ಯಾರು ಯಾವ ಗೋಷ್ಠಿಗೆ ಹೋದಿರಿ, ಐವರೂ ಒಂದೇ ಗೋಷ್ಠಿಯಲ್ಲಿ ಕೂತದ್ದೇಕೆ, ಅಲ್ಲಿ ಕೇಳಿದ ಯಾವ ಕೆಲಸ ನಮ್ಮ ನಗರದ ಕಾರ್ಯಸೂಚಿಗೆ ಬರುತ್ತದೆ, ಯಾವಾಗ ಎಂದು ಕೇಳಿ.

ಮುಂದಿನ ವರ್ಷಕ್ಕೆ ಇನ್ನೊಂದು. ಲೀಗ್‌ನ ಮಹಾಸಭೆಯಲ್ಲಿ ನಗರಕ್ಕೊಂದೇ ಮತ. ಮತ ಹಾಕುವ ಪ್ರತಿನಿಧಿಯನ್ನೂ ಹೆಚ್ಚೆಂದರೆ ಇಬ್ಬರು ಬದಲಿಗಳನ್ನೂ ಕೌನ್ಸಿಲ್ ಮೊದಲೇ ನೇಮಿಸಬೇಕು. ಆ ನೇಮಕ ಸಾಮಾನ್ಯವಾಗಿ ‘ಕನ್ಸೆಂಟ್ ಕ್ಯಾಲೆಂಡರ್’ನಲ್ಲಿ, ಅಂದರೆ ಚರ್ಚೆಯಿಲ್ಲದೆ ಒಟ್ಟಿಗೆ ಒಪ್ಪಿಗೆ ಪಡೆಯುವ ವಿಷಯಗಳ ಪಟ್ಟಿಯಲ್ಲಿ, ಸದ್ದಿಲ್ಲದೆ ದಾಟಿಬಿಡುತ್ತದೆ. ಕಾರ್ಯಸೂಚಿಯಲ್ಲಿ ಕಂಡ ದಿನವೇ ಅದನ್ನು ಪ್ರತ್ಯೇಕವಾಗಿ ಚರ್ಚೆಗೆ ತೆಗೆದುಕೊಳ್ಳಲು ಕೋರಿ, ನಿರ್ಣಯಗಳಿದ್ದರೆ ನಗರದ ಮತ ಯಾವ ಕಡೆಗೆಂದು ನಿಮ್ಮೆದುರೇ ಹೇಳಿಸಿ.